ಏರ್ ಪಿಸ್ತೂಲ್ ಕ್ಲಾಸ್ ಸಾಕೇ?

ಪ್ರಶ್ನೆ: ಪರವಾನಗಿ ಸಿಕ್ಕಿ .32 ರಿವಾಲ್ವರ್ ಕೊಂಡಿದ್ದೇನೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೇಳುವ ಸುರಕ್ಷತಾ ತರಬೇತಿಯೂ ಆಗಿದೆ. ಇನ್ನು ಏರ್ ಪಿಸ್ತೂಲ್ ಕ್ಲಾಸಿಗೆ ಸೇರಿದರೆ ಸಾಕೇ?
– ಒಬ್ಬ ಓದುಗರು, ಚಿಂಚವಡ, ಪುಣೆ

ಉತ್ತರ: ಸಾಲದು. ಏರ್ ಪಿಸ್ತೂಲಿನಲ್ಲಿ ಒಂದೇ ಕೈಯಲ್ಲಿ ಹಿಡಿದು 10 ಮೀಟರಿಗೆ 4.5 ಮಿ.ಮೀ. ಗುಂಡು ಹೊಡೆಯುತ್ತೀರಿ. ಗುರಿ, ಉಸಿರಿನ ಹಿಡಿತ ಚೆನ್ನಾಗಿ ಬರುತ್ತದೆ, ನಿಜ. ಆದರೆ ಗುಂಡು ತುಂಬುವುದು, ಖಾಲಿ ಮಾಡುವುದು, ಹಿಂದೊದೆತ ತಡೆಯುವುದು ಅಲ್ಲಿ ಬರುವುದಿಲ್ಲ. ಪರವಾನಗಿ ಪಡೆದ ಶೂಟಿಂಗ್ ರೇಂಜಿನಲ್ಲಿ, ನಿಮ್ಮದೇ ಬೋರಿನ (ನಳಿಗೆಯ ಒಳ ಅಳತೆಯ) ರಿವಾಲ್ವರಿನಲ್ಲಿ ಕಲಿಸುವವರನ್ನು ಹುಡುಕಿ.

ಹಣ ಕಟ್ಟುವ ಮುನ್ನ ಒಂದು ತರಗತಿ ನೋಡಿ ಬನ್ನಿ. ಮೊದಲ ಪಾಠವೇ ಗುಂಡು ಹಾರಿಸುವುದಾದರೆ ಬೇಡ. ಡಮ್ಮಿ ಗುಂಡಿನಲ್ಲಿ ಟ್ರಿಗರ್ ಅಭ್ಯಾಸ ಮೊದಲು ಬರಬೇಕು. ಟ್ರಿಗರನ್ನು ಜಗ್ಗುವ ಬಲಗೈಯವರ ಗುಂಡು ಸಾಮಾನ್ಯವಾಗಿ ಎಡಕ್ಕೆ, ಕೆಳಕ್ಕೆ ಬೀಳುತ್ತದೆ. ಗುಂಡು ಸುಟ್ಟಷ್ಟೂ ಆ ಚಾಳಿ ಗಟ್ಟಿಯಾಗುತ್ತದೆ ಅಷ್ಟೆ.

ರಿವಾಲ್ವರ್ ಹಿಡಿತವನ್ನು ಬೇರೆಯಾಗಿ ಕಲಿಸುತ್ತಾರೆಯೇ ಎಂದು ಕೇಳಿ. ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಅನಿಲ ಚಿಮ್ಮುತ್ತದೆ. ಹೆಬ್ಬೆರಳು ಅಲ್ಲಿದ್ದರೆ ಸುಟ್ಟುಕೊಳ್ಳುತ್ತೀರಿ. ಗುಂಡು ಹಾರದಿದ್ದರೆ ಏನು ಮಾಡಬೇಕೆಂದೂ ಕೇಳಿ: ನಳಿಗೆಯನ್ನು ಗುರಿಯತ್ತಲೇ ಇಟ್ಟು 30 ಸೆಕೆಂಡು ಕಾಯಬೇಕು, ಆಮೇಲೆ ಸಿಲಿಂಡರ್ ತೆರೆಯಬೇಕು. ತಡವಾಗಿ ಸಿಡಿಯುವ ಗುಂಡೂ ಉಂಟು. ತಕ್ಷಣ ಮತ್ತೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ ಆ ಗುಂಡು ನಳಿಗೆಯ ನೇರದಿಂದ ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿ ಸಿಡಿದರೆ ಅನಾಹುತ. ಇದಕ್ಕೆ ತಡವರಿಸುವ ತರಬೇತುದಾರರಾದರೆ ನಮಸ್ಕಾರ ಹೇಳಿ ಹೊರಡಿ.

ಕಿವಿ, ಕಣ್ಣಿನ ರಕ್ಷಣೆ ಕಡ್ಡಾಯವಿರಲಿ.