‘ಕತ್ತಲೆಯ ದೊರೆಗಳು’ ಲೇಖನದ ಕುರಿತು

ಆತ್ಮೀಯರೇ,

ಇಂಗ್ಲೆಂಡಿನ ಬೌಹೌಸ್ ಎಂಬ ರಾಕ್ ತಂಡದ ಬಗ್ಗೆ ನೀವು ಕಳಿಸಿದ ‘ಕತ್ತಲೆಯ ದೊರೆಗಳು’ ಲೇಖನವನ್ನು ಎರಡು ಸಲ ಓದಿದೆ. ಒರಟು, ಅವಸರದ ಪಂಕ್ ರಾಕ್ ಮತ್ತು ಅದರ ಬೆನ್ನಿಗೆ ಬಂದ, ವಿಷಾದ ತುಂಬಿದ ಗಾಥ್ ರಾಕ್ ಕುರಿತು ಕನ್ನಡದಲ್ಲಿ ಬರೆಯುವವರು ವಿರಳವಾದ್ದರಿಂದ ಬರಹ ಕೈಸೇರಿದಾಗ ನಿಜಕ್ಕೂ ಸಂತೋಷಪಟ್ಟೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಮುಚ್ಚುಮರೆಯಿಲ್ಲದೆ ಕಾರಣ ಹೇಳುತ್ತೇನೆ: ಹದಿನಾಲ್ಕು ಪುಟಗಳಲ್ಲಿ ‘ಕತ್ತಲೆ’ ಎಂಬ ಮಾತು ಮೂವತ್ತಕ್ಕೂ ಹೆಚ್ಚು ಸಲ ಬರುತ್ತದೆ, ಈ ನಾಲ್ವರು ನುಡಿಸಿದ್ದು ಕಿವಿಗೆ ಹೇಗೆ ಕೇಳಿಸುತ್ತದೆ ಎಂದು ತಿಳಿಸುವ ವಾಕ್ಯ ಒಂದೂ ಇಲ್ಲ.

‘ಬೆಲಾ ಲುಗೋಸಿಸ್ ಡೆಡ್’ ಹಾಡನ್ನೇ ನೋಡಿ. ಅದು 1979ರಲ್ಲಿ ಬಂತು, ಗಾಥ್ ಸಂಗೀತಕ್ಕೆ ನಾಂದಿಯಾಯಿತು ಎಂದು ಎರಡು ಸಾಲಿನಲ್ಲಿ ಮುಗಿಸಿ, ಮುಂದಿನ ಎರಡು ಪುಟಗಳನ್ನು 1931ರ ಡ್ರಾಕುಲಾ ಚಿತ್ರದಲ್ಲಿ ನಟಿಸಿದ ಲುಗೋಸಿಯ ಜೀವನಚರಿತ್ರೆಗೆ ಕೊಟ್ಟಿದ್ದೀರಿ. ನಾನಾಗಿದ್ದರೆ ಇದನ್ನು ತಿರುಗುಮುರುಗು ಮಾಡುತ್ತಿದ್ದೆ. 1978ರ ಕೊನೆಯಲ್ಲಿ ನಾರ್ಥಾಂಪ್ಟನ್ನಿನಲ್ಲಿ ಕೂಡಿಕೊಂಡ ತಂಡ ಆ ವರ್ಷದ ಕೊನೆಯ ರಾತ್ರಿ ಹತ್ತಿರದ ವೆಲ್ಲಿಂಗ್‌ಬರೋ ಊರಿನ ಪಬ್ಬೊಂದರಲ್ಲಿ ಮೊದಲ ಪ್ರದರ್ಶನ ಕೊಟ್ಟಿತು; 1979ರ ಜನವರಿ 26ರಂದು ಅದೇ ಊರಿನ ಬೆಕ್ ಸ್ಟುಡಿಯೋಗೆ ಹೋಗಿ ಈ ಹಾಡನ್ನು ಧ್ವನಿಮುದ್ರಿಸಿತು. ಕೂಡಿ ನುಡಿಸಲು ತೊಡಗಿ ಎರಡು ತಿಂಗಳೂ ತುಂಬಿರದವರು ಒಂಬತ್ತು ನಿಮಿಷ ಮೀರಿದ ಹಾಡನ್ನು ಒಂದೇ ಸಲಕ್ಕೆ ನುಡಿಸಿ, ಆ ಮೊದಲ ಸಲದ್ದನ್ನೇ ಉಳಿಸಿಕೊಂಡರು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಈಗ ಹಾಡಿನೊಳಕ್ಕೆ ಬನ್ನಿ. ಮೊದಲು ಕೇಳಿಸುವುದು ಕೆವಿನ್ ಹಾಸ್ಕಿನ್ಸ್‌ರ ಡ್ರಮ್ಮಿನ ಟಕಟಕ ಸದ್ದು. ಬ್ರೆಜಿಲ್ಲಿನ ಬೋಸಾ ನೋವಾದ ನಡೆಯನ್ನು ನೆನಪಿಸುವ ಆ ಪೆಟ್ಟುಗಳು ಪ್ರತಿಧ್ವನಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅನಂತರ ಅವರ ಅಣ್ಣ ಡೇವಿಡ್ ಜೆ. ಬೇಸ್ ಗಿಟಾರಿನಲ್ಲಿ ಮೆಟ್ಟಿಲಿಳಿದಂತೆ ಕೆಲವೇ ಸ್ವರಗಳನ್ನು ಇಳಿಸುತ್ತಾರೆ. ಡೇನಿಯಲ್ ಆಶ್‌ರ ಗಿಟಾರ್ ರಾಗಕ್ಕೆ ಕೈಹಾಕುವುದೇ ಇಲ್ಲ. ತಂತಿಯನ್ನು ಕೆರೆದು, ಗೀರಿ, ಆ ಸದ್ದನ್ನು ಪ್ರತಿಧ್ವನಿಯನ್ನೇ ನೆಚ್ಚುವ ಜಮೈಕಾದ ಡಬ್ ಸಂಗೀತದವರಂತೆ ದೂರಕ್ಕೆ ಎಸೆಯುತ್ತದೆ. ಪೀಟರ್ ಮರ್ಫಿಯವರ ದನಿ ಬರುವ ಹೊತ್ತಿಗೆ ಮೂರು ನಿಮಿಷದ ಹತ್ತಿರವಾಗಿರುತ್ತದೆ. ಆಲಾಪನೆ ಕೇಳಿ ಬೆಳೆದ ಕನ್ನಡದ ಓದುಗರಿಗೆ ಕಾಯುವುದು ಹೊಸತಲ್ಲ, ಆದರೆ ಇಲ್ಲಿ ಲಯ ಮೊದಲು ಬಂದು ಕಂಠವನ್ನು ಕಾಯಿಸುತ್ತದೆ. ನೀವು ಕತ್ತಲೆ ಎಂದು ಕರೆಯುತ್ತಿರುವುದು ಹುಟ್ಟುವುದು ಒಂದು ಸದ್ದಿಗೂ ಇನ್ನೊಂದಕ್ಕೂ ನಡುವೆ ಬಿಟ್ಟ ಖಾಲಿ ಜಾಗದಲ್ಲಿ. ‘ಗಿಟಾರ್ ಪ್ರೇತದಂತೆ ರೋದಿಸುತ್ತದೆ’ ಎಂಬ ನಿಮ್ಮ ಸಾಲು ಇದನ್ನೆಲ್ಲ ಮುಚ್ಚಿಹಾಕಿದೆ.

ಪಂಕ್‌ನ ಜೊತೆಗಿನ ಸಂಬಂಧವೂ ಆಗ ತಾನಾಗಿ ಸ್ಪಷ್ಟವಾಗುತ್ತದೆ. ಯಾರ ಅಪ್ಪಣೆಗೂ ಕಾಯದೆ, ಪಳಗುವ ಮೊದಲೇ ಧ್ವನಿಮುದ್ರಿಸುವ ಧೈರ್ಯ ಪಂಕ್‌ನಿಂದ ಬಂದದ್ದು. ಪಂಕ್‌ನ ಅವಸರವನ್ನು ಮಾತ್ರ ಇವರು ಕೈಬಿಟ್ಟರು. ಹಾಡನ್ನು ಹೊರತಂದ ಸ್ಮಾಲ್ ವಂಡರ್ ಸಂಸ್ಥೆ ಪೂರ್ವ ಲಂಡನ್ನಿನ ವಾಲ್ತಮ್‌ಸ್ಟೋದ ರೆಕಾರ್ಡ್ ಅಂಗಡಿಯೊಂದರಿಂದ ಬೆಳೆದದ್ದು ಎಂಬ ಸಂಗತಿ ನಿಮ್ಮಲ್ಲಿ ಅಡಿಟಿಪ್ಪಣಿಯಾಗಿದೆ. ಅದನ್ನು ಮೇಲಕ್ಕೆ ತನ್ನಿ, ಏಕೆಂದರೆ ‘ಭೂಗತ ತಂಡ’ ಎಂಬ ನಿಮ್ಮ ಮಾತಿಗೆ ಅರ್ಥ ಬರುವುದೇ ಅಲ್ಲಿ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಬೌಹೌಸ್ ಎಂದರೆ ‘ಭೂತಬಂಗಲೆ’ ಎಂದು ಬರೆದಿದ್ದೀರಿ. ಅದು ವಾಲ್ಟರ್ ಗ್ರೋಪಿಯಸ್ 1919ರಲ್ಲಿ ಜರ್ಮನಿಯ ವೈಮರ್ ನಗರದಲ್ಲಿ ಸ್ಥಾಪಿಸಿದ ಕಲಾಶಾಲೆಯ ಹೆಸರು; ತಂಡ ಮೊದಲು ‘ಬೌಹೌಸ್ 1919’ ಎಂದೇ ಕರೆದುಕೊಂಡಿತ್ತು, ಶಾಲೆಯ ಮುಖಚಿಹ್ನೆಯನ್ನೂ ಬಳಸಿಕೊಂಡಿತು. ಅಲಂಕಾರವನ್ನು ಕಿತ್ತುಹಾಕಿದ ಆ ಶಾಲೆಯ ಹೆಸರು ಇಷ್ಟು ಬರಿದಾದ ಸದ್ದಿಗೆ ಹೊಂದುತ್ತದೆ ಎಂಬುದನ್ನು ನಿಮ್ಮ ತಪ್ಪು ಅರ್ಥ ನಿಮ್ಮಿಂದಲೇ ಮರೆಮಾಡಿದೆ.

ನಡುವಿನ ಆರು ಪುಟಗಳ ಆಲ್ಬಮ್ ಪಟ್ಟಿಯನ್ನು ಒಂದು ಪ್ಯಾರಾಕ್ಕೆ ಇಳಿಸಿ. 1980ರಿಂದ 1983ರವರೆಗೆ ವರ್ಷಕ್ಕೊಂದರಂತೆ ನಾಲ್ಕು ಆಲ್ಬಮ್‌ಗಳು ಬಂದವು ಎಂದರೆ ಓದುಗರಿಗೆ ಸಾಕು. 1982ರ ‘ಝಿಗ್ಗಿ ಸ್ಟಾರ್‌ಡಸ್ಟ್’ ಹಾಡಿನ ಬಗ್ಗೆ ಮಾತ್ರ ನಿಮ್ಮೊಡನೆ ನನಗೆ ಒಪ್ಪಿಗೆಯಿಲ್ಲ. ಅದನ್ನು ‘ವ್ಯಾಪಾರಕ್ಕೆ ಶರಣಾದದ್ದು’ ಎಂದಿದ್ದೀರಿ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಯನ್ನು ನಕಲು ಮಾಡುತ್ತಾರೆಂದು ವಿಮರ್ಶಕರು ಹೀಗಳೆಯುತ್ತಿದ್ದಾಗ ಬೋವಿಯ ಹಾಡನ್ನೇ ಎತ್ತಿಕೊಂಡು ಹಾಡಿದ್ದು ಅಂಜದವರ ಉತ್ತರ. ಅದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 15ನೇ ಸ್ಥಾನಕ್ಕೇರಿತೆಂಬ ಒಂದೇ ಕಾರಣಕ್ಕೆ ಅನುಮಾನಿಸುವುದು ಸರಿಯಲ್ಲ.

ತಂಡ ಒಡೆದದ್ದನ್ನು ‘ಅಹಂಕಾರಗಳ ಘರ್ಷಣೆ’ ಎಂದು ಒಂದೇ ಪದಪುಂಜದಲ್ಲಿ ದಾಟಿಸಿದ್ದೀರಿ. ‘ಬರ್ನಿಂಗ್ ಫ್ರಮ್ ದಿ ಇನ್‌ಸೈಡ್’ ಆಲ್ಬಮ್ಮಿನ ಕೆಲಸದ ಹೊತ್ತಿಗೆ ಮರ್ಫಿ ನ್ಯುಮೋನಿಯಾದಿಂದ ಮಲಗಿದ್ದರು. ಉಳಿದ ಮೂವರು ಕೆಲಸ ಮುಂದುವರಿಸಿದರು, ಕೆಲವು ಹಾಡುಗಳಲ್ಲಿ ಆಶ್ ಮತ್ತು ಡೇವಿಡ್ ಜೆ. ತಾವೇ ಮುಖ್ಯ ಗಾಯಕರಾದರು. ಗಾಯಕನಿಲ್ಲದೆಯೂ ಹಾಡು ಆಗುತ್ತದೆ ಎಂದು ಆ ಮೂವರಿಗೆ ಗೊತ್ತಾದ ಕ್ಷಣವೇ ನಿಮ್ಮ ಲೇಖನದ ತಿರುವು ಎಂದು ನನಗೆ ಅನಿಸುತ್ತದೆ. 1983ರ ಜುಲೈ 5ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೇಯಲ್ಲಿ ಅವರು ಕೊನೆಯ ಪ್ರದರ್ಶನ ಕೊಟ್ಟರು. ಆಲ್ಬಮ್ ಅದೇ ತಿಂಗಳು ಹೊರಬಂತು. ಮುಂದೆ ಅದೇ ಮೂವರು ‘ಲವ್ ಆಂಡ್ ರಾಕೆಟ್ಸ್’ ಆಗಿ, 1989ರಲ್ಲಿ ‘ಸೋ ಅಲೈವ್’ ಹಾಡಿನಿಂದ ಅಮೆರಿಕದ ಪಟ್ಟಿಯಲ್ಲಿ 3ನೇ ಸ್ಥಾನ ತಲುಪಿದರು. ಬೌಹೌಸ್ ಎಂದೂ ಮುಟ್ಟದ ಎತ್ತರ ಅದು, ಮತ್ತು ನಿಮ್ಮ ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ. ಬೌಹೌಸ್‌ನ 1998ರ ಮರುಸೇರ್ಪಡೆಯನ್ನೂ 2008ರ ಆಲ್ಬಮ್ಮನ್ನೂ ಬೇಕಿದ್ದರೆ ಎರಡು ವಾಕ್ಯಗಳಲ್ಲಿ ಹೇಳಿ.

ನೀವು ಈ ತಂಡವನ್ನು ಮನಸಾರೆ ಪ್ರೀತಿಸುತ್ತೀರಿ ಎಂಬುದು ಪ್ರತಿ ಪುಟದಲ್ಲೂ ಗೊತ್ತಾಗುತ್ತದೆ. ಅದಕ್ಕಾಗಿಯೇ ಇಷ್ಟು ದೀರ್ಘವಾಗಿ ಬರೆದೆ. ಇಡೀ ಲೇಖನವನ್ನು ಈಗಲೇ ತಿದ್ದಲು ಹೋಗಬೇಡಿ. ಆ ಮೊದಲ ಹಾಡನ್ನು ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ, ಮರ್ಫಿಯವರ ದನಿ ಬರುವ ಮುಂಚಿನ ಭಾಗದ ಬಗ್ಗೆ ಒಂದೇ ಒಂದು ಪುಟ ಬರೆದು, ಸದ್ಯಕ್ಕೆ ಅಷ್ಟನ್ನೇ ನನಗೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ