ನೂರಕ್ಕೆ ಮೂರೂವರೆ ಎಂದು ಬರೆಯಲಿ

ದಾವಣಗೆರೆಯ ನಿವೃತ್ತ ಉಪನ್ಯಾಸಕರೊಬ್ಬರು ಬರೆದಿದ್ದಾರೆ: ‘ನನ್ನ ಅಣ್ಣನ ಮಗ ಕ್ರೆಡಿಟ್ ಕಾರ್ಡಿನ ಸಾಲದಲ್ಲಿ ಮುಳುಗಿದ್ದಾನೆ. ಷರತ್ತು ಓದದೆ ಸಹಿ ಹಾಕುವವರನ್ನು ರಿಸರ್ವ್ ಬ್ಯಾಂಕ್ ಏಕೆ ಕಾಯಬೇಕು? ಇಂಥ ನಿಯಮಗಳಿಂದ ಬೇಜವಾಬ್ದಾರಿಗೆ ಕುಮ್ಮಕ್ಕು ಸಿಗುವುದಿಲ್ಲವೆ?’

ಸಂಪಾದಕರ ಉತ್ತರ: ಮಾನ್ಯರೇ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಒಪ್ಪಿದೆ. ಆದರೆ ನೀವು ದೂರುವ ನಿಯಮಗಳನ್ನು ಒಮ್ಮೆ ನೋಡಿ. 2022ರ ಜುಲೈ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನಗಳ ಪ್ರಕಾರ, ಕೇಳದವರಿಗೆ ಕಾರ್ಡು ಕೊಟ್ಟು, ಒಪ್ಪಿಗೆಯಿಲ್ಲದೆ ಚಾಲೂ ಮಾಡಿ ಬಿಲ್ಲು ಹಾಕಿದ ಬ್ಯಾಂಕು ಆ ಮೊತ್ತವನ್ನು ಹಿಂತಿರುಗಿಸಿ, ಅದರ ಎರಡರಷ್ಟು ದಂಡವನ್ನೂ ತೆರಬೇಕು. ಬಾಕಿಯಿಲ್ಲದ ಕಾರ್ಡನ್ನು ಮುಚ್ಚೆಂದ ಮೇಲೆ ಏಳು ಕೆಲಸದ ದಿನ ಮೀರಿದರೆ ದಿನಕ್ಕೆ 500 ರೂಪಾಯಿ ಕೊಡಬೇಕು. ಇಲ್ಲಿ ಶಿಕ್ಷೆಯಾಗುವುದು ಬ್ಯಾಂಕಿನ ಬೇಜವಾಬ್ದಾರಿಗೆ.

ಬಡ್ಡಿಗೆ ಮಾತ್ರ ಮೇಲ್ಮಿತಿಯಿಲ್ಲ. ವರ್ಷಕ್ಕೆ ಶೇ 30ನ್ನು ಮೀರಿದ ಬಡ್ಡಿ ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಅದು ರಿಸರ್ವ್ ಬ್ಯಾಂಕಿಗೆ ಬಿಟ್ಟ ವಿಷಯವೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದುಮಾಡಿತು. ಹೀಗಿರುವಾಗ ಗ್ರಾಹಕನಿಗೆ ಉಳಿಯುವ ಗುರಾಣಿ ಆ ಷರತ್ತುಪತ್ರವೊಂದೇ, ಮತ್ತು ಅದು ಅವನಿಗೆ ಓದಲು ಬರುವಂತಿರಬೇಕು. ನಿರ್ದೇಶನದಲ್ಲಿಯೂ ಷರತ್ತುಗಳು ಸರಳವಾಗಿ, ‘ಆದಷ್ಟೂ’ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕೆಂದಿದೆ. ಆ ‘ಆದಷ್ಟೂ’ ಎಂಬ ಪದದ ಸಂದಿಯಲ್ಲಿಯೇ ಕನ್ನಡ ನುಸುಳಿ ಹೋಗುತ್ತದೆ. ಕಾರ್ಡು ಮಾರುವ ಕರೆಯಾದರೋ ‘ಅಣ್ಣಾ’ ಎಂದು ಅಚ್ಚ ಕನ್ನಡದಲ್ಲಿಯೇ ಬರುತ್ತದೆ!

ನಮ್ಮ ಕಚೇರಿಯಲ್ಲಿ ಪುಟ ಕಟ್ಟುವ ಹುಡುಗ ‘ಮಿನಿಮಮ್ ಡ್ಯೂ’, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಕಟ್ಟಲೇಬೇಕಾದ ಮೊತ್ತ, ಬಡ್ಡಿಯಿಲ್ಲದ ಕಂತು ಎಂದೇ ತಿಳಿದು ಎಂಟು ತಿಂಗಳು ಅಷ್ಟನ್ನೇ ಕಟ್ಟಿದ. ಉಳಿದ ಬಾಕಿಗೆ ಖರೀದಿಯ ದಿನದಿಂದಲೇ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ತಪ್ಪುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಷರತ್ತುಗಳ ಕನ್ನಡ ಪ್ರತಿ ಕೇಳಲು ಅವನೊಂದಿಗೆ ಬ್ಯಾಂಕಿಗೆ ಹೋದೆ. ಸಿಬ್ಬಂದಿ ಹುಡುಕಿ ತಂದುಕೊಟ್ಟದ್ದು ಚಿನ್ನದ ಸಾಲದ ಕರಪತ್ರ.

ತಿಂಗಳಿಗೆ ಶೇ 3.5 ಎಂದು ಇಂಗ್ಲಿಷಿನ ಮೂಲೆಯಲ್ಲಿ ಅಚ್ಚಾದದ್ದು ಕಣ್ಣಿಗೆ ಬೀಳುವುದಿಲ್ಲ. ‘ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ’ ಎಂದು ದಪ್ಪಕ್ಷರದಲ್ಲಿದ್ದರೆ ಸಂತೆಯ ಲೇವಾದೇವಿಯನ್ನು ಕಂಡ ಯಾವ ಕನ್ನಡಿಗನೂ ಪೆನ್ನು ಕೆಳಗಿಡುತ್ತಾನೆ. ವಿಮೆಯ ಪಾಲಿಸಿ, ಫ್ಲ್ಯಾಟಿನ ಕರಾರು, ಆಸ್ಪತ್ರೆಯ ಒಪ್ಪಿಗೆಪತ್ರಗಳ ಕಥೆಯೂ ಇದೇ: ಸಹಿ ನಮ್ಮದು, ಭಾಷೆ ಅವರದು.

ಜೀವಮಾನವಿಡೀ ಪಾಠ ಹೇಳಿದ ತಾವು, ಅರ್ಥವಾಗದ ಪ್ರಶ್ನೆಪತ್ರಿಕೆ ಕೊಟ್ಟು ವಿದ್ಯಾರ್ಥಿಯನ್ನು ಫೇಲು ಮಾಡಿದವರಲ್ಲವೆಂದು ನಂಬಿದ್ದೇನೆ. ನಿಮ್ಮ ಅಣ್ಣನ ಮಗ ಸಹಿ ಹಾಕಿದ ಪತ್ರ ಯಾವ ಭಾಷೆಯಲ್ಲಿತ್ತೆಂಬುದನ್ನು ತಾವು ಬರೆದಿಲ್ಲ. ದಯವಿಟ್ಟು ಅವನನ್ನು ಕೇಳಿ ತಿಳಿಸಿ.