ಟೈರಿನ ಪಾಲಿಶ್ ಬಾಗಿಲಿಗೆ ಹಾರದಂತೆ
ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾರು ತೊಳೆದ ಮೇಲೆ ಟೈರಿಗೆ ಹಚ್ಚುವ ಪಾಲಿಶ್ ಬಗ್ಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಬಂದ ಪ್ರಶ್ನೆಗಳಿಗೆ ಈ ಬಾರಿ ಉತ್ತರ. ಒಂದೇ ತರಹದ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ನನ್ನದು ಬಿಳಿ ಕಾರು. ವಾಟರ್ ಸರ್ವಿಸ್ ಮಾಡಿಸಿ, ಟೈರಿಗೆ ಪಾಲಿಶ್ ಹೊಡೆಸಿಕೊಂಡು ಅಲ್ಲಿಂದ ಸೀದಾ ಹೊಸಪೇಟೆಗೆ ಹೋಗಿ ಬಂದೆ. ಮರುದಿನ ನೋಡಿದರೆ ಮುಂದಿನ ಚಕ್ರದ ಹಿಂದೆ, ಬಾಗಿಲಿನ ಕೆಳಭಾಗದಲ್ಲೆಲ್ಲ ಕಂದು ಚುಕ್ಕೆಗಳು. ನೀರು ಹಾಕಿ ಉಜ್ಜಿದರೂ ಹೋಗುತ್ತಿಲ್ಲ. ಬಣ್ಣ ಹಾಳಾಯಿತೇ? (ಬಳ್ಳಾರಿ)

ಬಣ್ಣ ಇನ್ನೂ ಹಾಳಾಗಿರಲಿಕ್ಕಿಲ್ಲ. ಆದರೆ ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಆ ಚುಕ್ಕೆ ಟೈರಿನಿಂದ ಸಿಡಿದ ಪಾಲಿಶ್. ಅದು ಅಂಟಂಟಾಗಿರುವುದರಿಂದ ರಸ್ತೆಯ ಧೂಳನ್ನು ಹಿಡಿದುಕೊಂಡಿದೆ. ನಿಮ್ಮ ಕಡೆಯ ಧೂಳಿನಲ್ಲಿ ಸಂಡೂರು ಭಾಗದ ಕಬ್ಬಿಣದ ಅದಿರಿನ ಪುಡಿಯೂ ಇರುತ್ತದೆ. ಹೆಮಟೈಟ್ ಎಂಬ ಆ ಅದಿರು ಕಾರಿನ ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್‌ಗಿಂತ ಎಷ್ಟೋ ಗಡಸು. ಒಣ ಬಟ್ಟೆಯಲ್ಲಿ ಒರೆಸಿದರೆ ಪಾಲಿಶ್ ಹೋಗುವ ಮೊದಲೇ ಗೀರು ಬೀಳುತ್ತದೆ, ಆ ಗೀರು ಮಾತ್ರ ಹೋಗುವುದಿಲ್ಲ.

ಸಿಡಿಯುವುದು ಯಾಕೆಂದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ 16 ಇಂಚು ರಿಮ್ಮಿನ ಚಕ್ರ ಸೆಕೆಂಡಿಗೆ ಹತ್ತು ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಟೈರಿನ ಪಕ್ಕದಲ್ಲಿ ಕೂತ ಹನಿಯನ್ನು ಹಿಡಿದಿಡಲು ಅದರ ತೂಕದ ನೂರು ಪಟ್ಟಿಗೂ ಮೀರಿದ ಬಲ ಬೇಕು. ರಬ್ಬರಿಗೆ ಅಂಟಿಕೊಂಡ ತೆಳು ಪದರ ಆ ಎಳೆತ ತಡೆಯುತ್ತದೆ, ಮೇಲೆ ನಿಂತ ಹಸಿ ಹನಿ ತಡೆಯುವುದಿಲ್ಲ. ಚುಕ್ಕೆಗಳನ್ನು ಹತ್ತಿರದಿಂದ ನೋಡಿ: ದುಂಡಗಿರದೆ ಜೋಳದ ಕಾಳನ್ನು ಎಳೆದು ಉದ್ದ ಮಾಡಿದಂತೆ, ಎಲ್ಲವೂ ಒಂದೇ ಕಡೆಗೆ ವಾಲಿದಂತೆ ಕಾಣುತ್ತವೆ.

ತೆಗೆಯುವುದು ಹೀಗೆ. ಕಾರನ್ನು ನೆರಳಿಗೆ ತನ್ನಿ, ಬಾಗಿಲಿನ ತಗಡು ಕೈಗೆ ತಣ್ಣಗೆ ಹತ್ತಬೇಕು. ಮೊದಲು ಬರೀ ನೀರು ಹಾಯಿಸಿ ಮಣ್ಣು ಬಿಡಿಸಿ. 10 ಲೀಟರ್ ನೀರಿಗೆ 25 ಮಿ.ಲೀ.ನಷ್ಟು ಕಾರ್ ಶಾಂಪೂ ಹಾಕಿ, ಮೈಕ್ರೋಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ನೀರು ಆಧಾರಿತ ಪಾಲಿಶ್ ಆಗಿದ್ದರೆ ಇಷ್ಟಕ್ಕೇ ಹೋಗುತ್ತದೆ. ಉಳಿದರೆ ಟಾರ್ ರಿಮೂವರ್ ತನ್ನಿ. ಡಾಂಬರು ಚುಕ್ಕೆ ತೆಗೆಯಲು ಬಳಸುವ ದ್ರವ ಅದೇ. ಅದನ್ನು ಬಟ್ಟೆಗೆ ಹಾಕಿ, ಬಟ್ಟೆಯನ್ನು ಚುಕ್ಕೆಯ ಮೇಲೆ ಅರ್ಧ ನಿಮಿಷ ಸುಮ್ಮನೆ ಇಟ್ಟುಕೊಂಡು, ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ. ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ಬಳಸಿ. ಆಮೇಲೆ ಮತ್ತೆ ಶಾಂಪೂ. ಕಡೆಗೆ ಉಳಿಯುವ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮ ಪ್ರಮಾಣದ ನೀರು ಬೆರೆಸಿ ಒರೆಸಿದರೆ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿರುವ ಗ್ಲಿಸರಿನ್ ಇನ್ನೊಂದು ಜಿಡ್ಡು ಬಿಡುತ್ತದೆ.

ಟಾರ್ ರಿಮೂವರ್, ಆಲ್ಕೊಹಾಲ್ ಎರಡೂ ಆ ಜಾಗದ ವ್ಯಾಕ್ಸನ್ನೂ ಕರಗಿಸುತ್ತವೆ. ಹಾಗಾಗಿ ಅದೇ ದಿನ ಅಲ್ಲಿಗೆ ವ್ಯಾಕ್ಸ್ ಹಚ್ಚಿ. ಥಿನ್ನರ್ ಮುಟ್ಟಲೇಬೇಡಿ. ಕಾರ್ಖಾನೆಯ ಬಣ್ಣ ಒಂದು ಕ್ಷಣ ತಡೆದೀತು, ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ ಭಾಗ ಕೈಗೇ ಬರಬಹುದು. ಪೆಟ್ರೋಲ್, ಸೀಮೆಎಣ್ಣೆ, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಕೂಡ ಬೇಡ. ಇಷ್ಟಾದ ಮೇಲೂ ಮಬ್ಬು ಕಲೆ ಉಳಿದರೆ ದ್ರಾವಕ ಕ್ಲಿಯರ್ ಕೋಟ್‌ಗೆ ಇಳಿದಿದೆ ಎಂದರ್ಥ. ಆಗ ಬಣ್ಣ ತಿಕ್ಕುವ ನುಣುಪು ಲೇಪದಿಂದ (ರಬ್ಬಿಂಗ್ ಕಾಂಪೌಂಡ್) ತಿಕ್ಕಿಸಬೇಕಾಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಆ ಸ್ಥಿತಿ ಬೇಗ ಬರುತ್ತದೆ, ಕಂಡ ದಿನವೇ ತೊಳೆದುಬಿಡಿ.

ಸಿಡಿಯದಂತೆ ಹಚ್ಚುವ ಸರಿಯಾದ ಕ್ರಮ ಯಾವುದು? ಎಷ್ಟು ಹಚ್ಚಬೇಕು? (ಗಂಗಾವತಿ)

ಒಂದು ಟೈರಿಗೆ ಒಂದು ಟೀ ಚಮಚ, ಅಂದರೆ 5 ರಿಂದ 7 ಮಿ.ಲೀ. ನಾಲ್ಕಕ್ಕೂ ಸೇರಿ 30 ಮಿ.ಲೀ. ದಾಟಿದರೆ ಹೆಚ್ಚಾಯಿತು.

ಹಚ್ಚುವ ಕೆಲಸ ಶುರುವಾಗುವುದು ತೊಳೆಯುವುದರಿಂದ. ಗದ್ದೆ ದಾರಿಯಲ್ಲಿ ಓಡುವ ಗಾಡಿಯ ಟೈರಿನಲ್ಲಿ ಎರೆಮಣ್ಣು ಅಕ್ಷರಗಳ ಸಂದಿಯಲ್ಲಿ, ರಿಮ್ಮಿನ ಅಂಚಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಹಚ್ಚಿದ ಪಾಲಿಶ್ ರಬ್ಬರಿಗೆ ಅಂಟುವುದಿಲ್ಲ, ಮಣ್ಣಿನ ಜತೆ ಕಳಚಿ ಹಾರುತ್ತದೆ. ಆಲ್ ಪರ್ಪಸ್ ಕ್ಲೀನರ್‌ನ ಒಂದು ಭಾಗಕ್ಕೆ ನಾಲ್ಕು ಭಾಗ ನೀರು ಬೆರೆಸಿ, ಬಿರುಸಾದ ನೈಲಾನ್ ಬ್ರಷ್‌ನಿಂದ ಟೈರಿನ ಪಕ್ಕವನ್ನು ತಿಕ್ಕಿ. ಮೊದಲ ಸುತ್ತಿನ ನೊರೆ ಚಹಾದ ಬಣ್ಣದಲ್ಲಿ ಬರುತ್ತದೆ. ತೊಳೆದು ಮತ್ತೆ ತಿಕ್ಕಿ. ನೊರೆ ಬೆಳ್ಳಗೆ ಬರುವ ತನಕ, ಸಾಮಾನ್ಯವಾಗಿ ಎರಡು ಮೂರು ಸುತ್ತು. ಹಳೆಯ ಪಾಲಿಶ್‌ನ ಸಿಲಿಕಾನ್ ಪದರ ಪೂರ್ತಿ ಹೋದ ಟೈರು ಮಂಕಾದ ಕಪ್ಪಾಗಿ ಕಾಣುತ್ತದೆ, ಬೆರಳು ಜಾರುವುದಿಲ್ಲ. ಕ್ಲೀನರ್ ನೀರು ಬಾಡಿಗೆ ಸಿಡಿದಿದ್ದರೆ ಒಣಗುವ ಮೊದಲೇ ತೊಳೆದುಬಿಡಿ. ಬೋರ್‌ವೆಲ್ ನೀರಾದರೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಉಪ್ಪಿನ ಬಿಳಿ ಕಲೆ ಬೇರೆ ನಿಲ್ಲುತ್ತದೆ.

ಟೈರು ಪೂರ್ತಿ ಒಣಗಲು ಅರ್ಧ ಗಂಟೆ ಬಿಡಿ. ಒದ್ದೆ ರಬ್ಬರಿನ ಮೇಲೆ ಪಾಲಿಶ್ ನೀರಿನ ಜತೆ ತೇಲಿ, ಎಲ್ಲೋ ಒಂದು ಕಡೆ ಸೇರಿಕೊಳ್ಳುತ್ತದೆ. ಇನ್ನು ಪಾಲಿಶನ್ನು ಟೈರಿಗಲ್ಲ, ಸ್ಪಂಜಿಗೆ ಹಾಕಿ. ರಿಮ್ಮಿನ ಪಕ್ಕದಿಂದ ಹೊರಕ್ಕೆ ಹಚ್ಚುತ್ತಾ ಬಂದು, ನೆಲ ಮುಟ್ಟುವ ಗಟ್ಟೆ ಶುರುವಾಗುವುದಕ್ಕೆ ಎರಡು ಬೆರಳು ಮೊದಲೇ ನಿಲ್ಲಿಸಿ. ಗಟ್ಟೆಗೆ ಹತ್ತಿದ ಪಾಲಿಶ್ ಮೊದಲು ಸಿಡಿಯುತ್ತದೆ, ಮಿಗಿಲಾಗಿ ರಸ್ತೆಯ ಮೇಲಿನ ಹಿಡಿತ ಕಡಿಮೆ ಮಾಡುತ್ತದೆ.

ಇನ್ನು 15 ರಿಂದ 20 ನಿಮಿಷ ಕಾಯಿರಿ. ಆಮೇಲೆ ಒಣ ಹತ್ತಿ ಬಟ್ಟೆಯಿಂದ ಇಡೀ ಟೈರನ್ನು ಒರೆಸಿ. ಬಹಳ ಜನ ಬಿಡುವುದು ಇದೊಂದನ್ನೇ, ಕಲೆಯಾಗುವುದೂ ಇದರಿಂದಲೇ. ಒರೆಸಿದರೆ ಹೊಳಪು ಹೋಗುತ್ತದೆ ಎಂಬ ಭಯ ಬೇಡ. ರಬ್ಬರು ಹಿಡಿದುಕೊಂಡದ್ದು ಅಲ್ಲೇ ಇರುತ್ತದೆ, ಹಾರಿಹೋಗಬೇಕಾದದ್ದು ಮಾತ್ರ ಬಟ್ಟೆಗೆ ಬರುತ್ತದೆ. ಕಂಪನಿಯ ಹೆಸರು, ಅಳತೆ ಬರೆದ ಉಬ್ಬಿದ ಅಕ್ಷರಗಳ ಸುತ್ತ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒರೆಸಿ. "205" ಎಂದು ಬರೆದಲ್ಲಿ ಸೊನ್ನೆಯ ಹೊಟ್ಟೆಯೊಳಗೆ ಒಂದು ಹನಿ ನಿಂತಿದ್ದರೂ ಸಾಕು, ಬಾಗಿಲಿನ ಮೇಲೆ ಚುಕ್ಕೆಗಳ ಸಾಲು ಬೀಳುತ್ತದೆ. ಟೈರಿನ ತಳಭಾಗದಲ್ಲೂ ಪಾಲಿಶ್ ಇಳಿದು ಸೇರಿರುತ್ತದೆ. ಕಾರನ್ನು ಒಂದು ಮೀಟರ್ ಮುಂದಕ್ಕೆ ತಳ್ಳಿದರೆ ಚಕ್ರ ಅರ್ಧ ಸುತ್ತು ತಿರುಗಿ ಆ ಭಾಗ ಮೇಲೆ ಬರುತ್ತದೆ, ಅಲ್ಲಿಯೂ ಒರೆಸಿ.

ಬಿಳಿ ಕಾಗದ ಒತ್ತಿ ನೋಡಿ. ಕಾಗದಕ್ಕೆ ಜಿಡ್ಡು ಹತ್ತದಿದ್ದರೆ ಗಾಡಿ ತೆಗೆಯಬಹುದು. ನಮ್ಮ ಸಲಹೆ ಕೇಳಿದರೆ, ಸಂಜೆ ಹಚ್ಚಿ ರಾತ್ರಿಯಿಡೀ ಬಿಡುವುದೇ ಒಳ್ಳೆಯದು. ಆಯುಧಪೂಜೆಗೆ ಮಿಂಚಬೇಕೆಂದು ಪೂಜೆಯ ಬೆಳಿಗ್ಗೆ ಹಚ್ಚುವವರೂ ಹಿಂದಿನ ಸಂಜೆಯೇ ಮುಗಿಸಿಕೊಳ್ಳಲಿ.

ಸ್ಪ್ರೇ ಡಬ್ಬಿ, ಜೆಲ್, ಹಾಲಿನಂಥ ದ್ರವ: ಅಂಗಡಿಯಲ್ಲಿ ಮೂರೂ ಇವೆ. ಯಾವುದು ತರಲಿ? (ರಾಯಚೂರು)

ಹಾಲಿನಂತೆ ಬೆಳ್ಳಗಿರುವುದು ನೀರು ಆಧಾರಿತ. ನೀರಿನಲ್ಲಿ ಸಿಲಿಕಾನ್ ಎಣ್ಣೆಯ ಸಣ್ಣ ಕಣಗಳು ಕದಡಿರುವುದರಿಂದ ಆ ಬಣ್ಣ. ನೀರು ಆರಿದ ಮೇಲೆ ತೆಳು ಪದರ ಉಳಿಯುತ್ತದೆ, ಹೊಳಪು ಹದವಾಗಿರುತ್ತದೆ. ಅದನ್ನೇ ತನ್ನಿ. ಪಾರದರ್ಶಕವಾಗಿ, ಸೀಮೆಎಣ್ಣೆಯಂಥ ವಾಸನೆ ಇರುವುದು ಸಾಮಾನ್ಯವಾಗಿ ದ್ರಾವಕ ಆಧಾರಿತ. ಕನ್ನಡಿಯಂತೆ ಹೊಳೆಯುತ್ತದೆ, ಮಳೆಗೂ ತಡೆಯುತ್ತದೆ, ಆದರೆ ಬಹಳ ಹೊತ್ತು ಹಸಿಯಾಗೇ ಇರುತ್ತದೆ. ಬಣ್ಣದ ಮೇಲೆ ಬಿದ್ದರೆ ಹೆಚ್ಚು ಹಾನಿ ಮಾಡುವುದೂ ಇದೇ. ಬೇಸಿಗೆಯಲ್ಲಿ ಉಷ್ಣ ವಿದ್ಯುತ್ ಸ್ಥಾವರವಿರುವ ಶಕ್ತಿನಗರದ ಕಡೆ ಹಾರುಬೂದಿ, ದಾರಿಯ ಧೂಳು ಎರಡೂ ಇರುವಾಗ ಹಸಿ ಟೈರು ಸಂಜೆಯೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ, ಹಚ್ಚಿದ್ದೇ ದಂಡ. ಜೆಲ್ ದಪ್ಪ ಇರುವುದರಿಂದ ಹಚ್ಚುವಾಗ ಸೋರುವುದಿಲ್ಲ, ಆದರೆ ದಪ್ಪಗೆ ಬಳಿದುಬಿಡುವ ಅಪಾಯವಿದೆ.

ಸ್ಪ್ರೇ ಡಬ್ಬಿಯನ್ನು ನಾವು ಯಾರಿಗೂ ಹೇಳುವುದಿಲ್ಲ. ಟೈರಿಗೆ ಗುರಿಯಿಟ್ಟರೂ ಮಂಜು ಫೆಂಡರಿಗೆ, ರಿಮ್ಮಿಗೆ, ರಿಮ್ಮಿನ ಸಂದಿಯಿಂದ ಬ್ರೇಕ್ ಡಿಸ್ಕಿಗೆ ಹೋಗುತ್ತದೆ. ಡಿಸ್ಕಿಗೆ ಸಿಲಿಕಾನ್ ಹತ್ತಿದರೆ ಬ್ರೇಕ್ ಜಾರುತ್ತದೆ. ಮನೆಯಲ್ಲಿ ಈಗಾಗಲೇ ಡಬ್ಬಿ ಇದ್ದರೆ ದೂರದಲ್ಲಿ ಸ್ಪಂಜಿಗೆ ಹೊಡೆದುಕೊಂಡು ಬಂದು ಹಚ್ಚಿ.

ಬೈಕಿನ ಟೈರಿಗೂ ಹಚ್ಚಬಹುದೇ? (ಸಿರುಗುಪ್ಪ)

ಬೇಡ. ಬೈಕು ತಿರುವಿನಲ್ಲಿ ವಾಲಿದಾಗ ನೆಲ ಮುಟ್ಟುವುದು ಟೈರಿನ ಅಂಚೇ.

ವಾಟರ್ ಸರ್ವಿಸ್‌ನಲ್ಲಿ ಡೀಸೆಲ್‌ಗೆ ಹಳೇ ಎಂಜಿನ್ ಆಯಿಲ್ ಬೆರೆಸಿ ಟೈರಿಗೆ ಬಳಿಯುತ್ತಾರೆ. ಕಪ್ಪಗೇನೋ ಆಗುತ್ತದೆ. ತೊಂದರೆ ಇದೆಯೇ? (ಕೊಪ್ಪಳ)

ಇದೆ. ಟೈರಿನ ರಬ್ಬರು ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ. ದಿನ ಕಳೆದಂತೆ ಪಕ್ಕದ ಗೋಡೆ ಬಲ ಕಳೆದುಕೊಳ್ಳುತ್ತದೆ. ಗಾಡಿಯ ಭಾರವನ್ನೂ ಹೆದ್ದಾರಿಯ ಬಿಸಿಯನ್ನೂ ಹೊರುವುದು ಆ ಗೋಡೆಯೇ. ಬಾಡಿಗೆ ಸಿಡಿದರೆ ಹಳೇ ಆಯಿಲ್‌ನ ಮಸಿ ಬಿಳಿ ಬಣ್ಣದಲ್ಲಿ ಹಳದಿ ಕಲೆ ಬಿಡುತ್ತದೆ. ತೊಳೆಯಲು ಕೊಡುವಾಗಲೇ "ಟೈರಿಗೆ ಏನೂ ಹಚ್ಚಬೇಡಿ" ಎಂದು ಹೇಳಿ, ಪಾಲಿಶ್ ಬೇಕಾದರೆ ನಿಮ್ಮದೇ ಬಾಟಲಿ ಕೊಡಿ. ಇನ್ನು ಕೆಲವರು ಕೇಳಿದ ಗ್ಲಿಸರಿನ್‌ನಿಂದ ರಬ್ಬರಿಗೆ ಹಾನಿಯಿಲ್ಲ, ಆದರೆ ಅದು ನೀರಿನಲ್ಲಿ ಕರಗುತ್ತದೆ. ಒಂದು ಮಳೆಗೆ ತೊಳೆದುಹೋಗುತ್ತದೆ, ಅಲ್ಲಿಯ ತನಕ ಧೂಳು ಹಿಡಿಯುತ್ತದೆ.

ಒಳ್ಳೆಯ ಪಾಲಿಶ್ ಹಚ್ಚಿದರೂ ಎರಡು ವಾರಕ್ಕೆ ಟೈರು ಕಂದು ಬಣ್ಣಕ್ಕೆ ಬರುತ್ತದೆ. ಪಾಲಿಶ್ ನಕಲಿಯೇ? (ಸಿಂಧನೂರು)

ನಕಲಿ ಎನ್ನಲಾಗದು. ಆ ಕಂದು ಟೈರಿನ ಒಳಗಿನಿಂದಲೇ ಬರುವಂಥದ್ದು. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರಿಸದಂತೆ ತಯಾರಕರು ಅದರಲ್ಲಿ ರಕ್ಷಕ ರಾಸಾಯನಿಕ ಮತ್ತು ಮೇಣ ಬೆರೆಸಿರುತ್ತಾರೆ. ಚಕ್ರ ಓಡಿದಂತೆ ಅವು ಮೆಲ್ಲಗೆ ಮೇಲ್ಮೈಗೆ ಬಂದು ಗಾಳಿಗೆ ಕಂದಾಗುತ್ತವೆ. ಟೈರು ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು. ಪಾಲಿಶ್ ಹಚ್ಚುವ ಮುನ್ನ ಅದನ್ನು ತಿಕ್ಕಿ ತೆಗೆಯಬೇಕು, ಆದರೆ ವಾರಕ್ಕೊಮ್ಮೆ ಗಟ್ಟಿ ಕ್ಲೀನರ್ ಹಾಕಿ ತೆಗೆಯುತ್ತಲೇ ಇರುವುದು ಬೇಡ. ತಿಂಗಳಿಗೆ ಒಂದು ಸಲ ಸಾಕು. ಕಂದಿನ ಮೇಲೆಯೇ ಮತ್ತೆ ಮತ್ತೆ ಪಾಲಿಶ್ ಹಚ್ಚುತ್ತಾ ಹೋದರೆ ಮೇಣದ ಪದರಕ್ಕೆ ಅಂಟಿದ ಪಾಲಿಶ್ ಅದರ ಜತೆಗೇ ಸಿಡಿಯುತ್ತದೆ.

ಡೆಂಟ್ ತೆಗೆಸಿ ಬಣ್ಣ ಹೊಡೆಸಿದಾಗ ಹಿಂದಿನ ಫೆಂಡರಿನಲ್ಲಿ ಮೀನಿನ ಕಣ್ಣಿನಂಥ ಗುಂಡಿಗಳೆದ್ದವು. ಪೇಂಟರ್ "ಸಿಲಿಕಾನ್ ಇತ್ತು" ಎಂದರು. ನಿಜವೇ? (ಲಿಂಗಸುಗೂರು)

ನಿಜವಿರಬಹುದು. ಸಿಲಿಕಾನ್‌ನ ಕಣ್ಣಿಗೆ ಕಾಣದ ಜಿಡ್ಡಿನ ಮೇಲೂ ಹಸಿ ಬಣ್ಣ ನಿಲ್ಲದೆ ಸುತ್ತ ಸರಿದು ಗುಂಡಿ ಬಿಡುತ್ತದೆ. ಚಕ್ರದ ಹಿಂದಿನ ಫೆಂಡರು ಟೈರ್ ಪಾಲಿಶ್ ಹಾರುವ ಜಾಗವೇ. ಬಣ್ಣಕ್ಕೆ ಕೊಡುವ ಮುನ್ನ ಎರಡು ವಾರ ಟೈರಿಗೆ ಏನೂ ಹಚ್ಚಬೇಡಿ. ಪೇಂಟರಿಗೂ ಮೊದಲೇ ತಿಳಿಸಿ: ಸ್ಯಾಂಡ್ ಪೇಪರ್ ಹೊಡೆಯುವ ಮುಂಚೆ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್‌ನಿಂದ ಎರಡು ಬಟ್ಟೆ ಬಳಸಿ ಒರೆಸಬೇಕು, ಒಂದು ಹಚ್ಚಲು, ಇನ್ನೊಂದು ಆರುವ ಮೊದಲೇ ಎತ್ತಲು. ಪೇಪರ್ ಮೊದಲು ಹೊಡೆದರೆ ಸಿಲಿಕಾನ್ ಗೀರುಗಳೊಳಕ್ಕೆ ಇಳಿಯುತ್ತದೆ.

ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಕಾರು ನಿಲ್ಲಿಸುತ್ತೇನೆ. ಬಾಡಿ ಮೇಲೆ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಗಳಿವೆ. ಇದೂ ಟೈರ್ ಪಾಲಿಶ್ಶೇ? (ತೋರಣಗಲ್ಲು)

ಎಲ್ಲಿವೆ ಎಂದು ನೋಡಿ. ಬಾನೆಟ್, ಟಾಪ್, ಡಿಕ್ಕಿಯ ಮೇಲೆಯೂ ಇದ್ದರೆ ಅವು ಕಬ್ಬಿಣದ ಕಣ. ಪಾಲಿಶ್ ಅಷ್ಟು ಮೇಲಕ್ಕೆ ಹಾರುವುದಿಲ್ಲ. ಒದ್ದೆ ಬೆರಳಿನಿಂದ ಸವರಿ: ಪಾಲಿಶ್ ಚುಕ್ಕೆ ಜಿಡ್ಡಾಗಿ ಹರಡುತ್ತದೆ, ಕಬ್ಬಿಣದ ಕಣ ಮರಳಿನಂತೆ ಬೆರಳಿಗೆ ತಡೆಯುತ್ತದೆ. ಅದಕ್ಕೆ ಐರನ್ ರಿಮೂವರ್ ಬೇಕು. ತೊಳೆದ, ತಣ್ಣಗಿನ ಬಾಡಿಗೆ ಹೊಡೆದರೆ ಕಣ ಇರುವಲ್ಲಿ ನೇರಳೆ ಬಣ್ಣದ ಗೆರೆ ಇಳಿಯುತ್ತದೆ. ಮೂರು ನಾಲ್ಕು ನಿಮಿಷದೊಳಗೆ, ಒಣಗುವ ಮೊದಲು, ಧಾರಾಳ ನೀರಿನಿಂದ ತೊಳೆಯಿರಿ. ಕೈಗೆ ಗ್ಲೌಸ್ ಇರಲಿ, ವಾಸನೆ ಕೊಳೆತ ಮೊಟ್ಟೆಯಂತಿರುತ್ತದೆ. ಟೈರಿನ ಪಾಲಿಶ್ ಕೆಲಸ ಇದಾದ ಮೇಲೆ ಇಟ್ಟುಕೊಳ್ಳಿ, ಮೊದಲೇ ಹಚ್ಚಿದ್ದರೆ ಆ ನೀರಿಗೆ ಅರ್ಧ ಹೋಗಿಬಿಡುತ್ತದೆ.